ಸ್ಪ್ರಿಂಗ್ ರಜೆಗೆ ಇಮಾಕಲಿಗೆ ಹೋಗಲಾ ಎಂದು ಕೇಳಿದ ತಂಗಿಗೆ

ತಂಗೀ,

ನಿನ್ನ ಮೆಸೇಜು ಎರಡು ಸಲ ಓದಿದೆ. ಆಗಸ್ಟಿನಲ್ಲಿ ಓದಲು ಅಮೆರಿಕಕ್ಕೆ ಬಂದಿಳಿದವಳು, ಮೊದಲ ಸೆಮಿಸ್ಟರ್ ಇನ್ನೂ ಮುಗಿದಿಲ್ಲ, ಮಾರ್ಚಿನ ರಜೆಯ ಒಂದು ವಾರ ವಿಶ್ವವಿದ್ಯಾಲಯದವರ ಸೇವಾ ಪ್ರವಾಸಕ್ಕೆ ಹೋಗಲಾ ಎಂದು ಕೇಳಿದ್ದಿ. ಪಟ್ಟಿಯಲ್ಲಿ ನಿನಗೆ ಹಿಡಿಸಿದ್ದು ಎರಡು. ಒಂದು ಫ್ಲಾರಿಡಾದ ಇಮಾಕಲಿ, ಟೊಮೆಟೊ ಕೊಯ್ಯುವ ಕೂಲಿಯವರ ಊರು. ಇನ್ನೊಂದು ಮಧ್ಯ ಅಮೆರಿಕದ ಯಾವುದೋ ಹಳ್ಳಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು. ಕಾಸರಗೋಡಿನ ಪೆರ್ಲದಿಂದ ನಿನ್ನ ಅಪ್ಪ ಫೋನಿನಲ್ಲಿ, "ಇಷ್ಟು ಸಾಲ ಮಾಡಿ ಕಳಿಸಿದ್ದು ಓದ್ಲಿಕ್ಕಾ, ಅಲ್ಲಿಯವರ ಚಾಕರಿ ಮಾಡ್ಲಿಕ್ಕಾ?" ಎಂದರಂತೆ.

ಹೋಗು. ಇಮಾಕಲಿಗೆ ಹೋಗು, ಇನ್ನೊಂದನ್ನು ಬಿಡು. ಯಾಕೆಂದು ಹೇಳ್ತೇನೆ, ಸ್ವಲ್ಪ ಉದ್ದ ಆದೀತು.

ನಾನು ಕಾಸರಗೋಡಿನಲ್ಲಿ ಡಿಗ್ರಿ ಓದುವಾಗ ಎನ್ನೆಸ್ಸೆಸ್‌ನಲ್ಲಿ, ಎಂದರೆ ರಾಷ್ಟ್ರೀಯ ಸೇವಾ ಯೋಜನೆಯಲ್ಲಿದ್ದೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಶಿಬಿರ, ಎಲ್ಲ ನಿನಗೂ ಗೊತ್ತಿದ್ದದ್ದೇ. 2001ರ ಡಿಸೆಂಬರಿನ ಶಿಬಿರ ನಿಮ್ಮ ಎಣ್ಮಕಜೆ ಪಂಚಾಯತಿನ ಕಡೆಗೇ ಇತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುವುದು ನಿಂತು ಆಗ ಒಂದು ವರ್ಷ ಆಗಿತ್ತಷ್ಟೆ. ಗೇರಿಗೆ ಕಾಟ ಕೊಡುವ ಟೀ ಸೊಳ್ಳೆ ಎಂಬ ಕೀಟ ಸಾಯಲಿ ಎಂದು ಇಪ್ಪತ್ತು ವರ್ಷಕ್ಕೂ ಮೇಲೆ ಬಿಟ್ಟ ಮದ್ದು. ಕೆಳಗೆ ಬಾವಿಗಳಿದ್ದವು, ತೋಡುಗಳಿದ್ದವು, ಗುಡ್ಡೆ ಕೊರೆದ ಸುರಂಗದ ನೀರು ಬೀಳುವ ತೊಟ್ಟಿಗಳಿದ್ದವು. ನಾವು ಹಗಲು ಮಾರ್ಗ ಸರಿ ಮಾಡಿದೆವು. ಒಂದು ಸಂಜೆ ಗುಡ್ಡೆ ಹತ್ತಿ ಒಂದು ಮನೆಗೆ ಹೋದೆವು. ನಮ್ಮಲ್ಲೊಬ್ಬನ ಕೈಯಲ್ಲಿ ಕ್ಯಾಮರಾ ಇತ್ತು. ಅದನ್ನು ಕಂಡದ್ದೇ ಆ ಮನೆಯ ಅಮ್ಮ ಚಾವಡಿಯಲ್ಲಿ ಕಾಯಿಲೆಯಿಂದ ಮಲಗಿದ್ದ ಮಗನನ್ನು ಎತ್ತಿಕೊಂಡು ಹೋಗಿ ಒಳಗೆ ಮಲಗಿಸಿ ಬಂದರು. ಆಮೇಲೆ ನಮಗೆ ಬೆಲ್ಲ, ನೀರು ತಂದಿಟ್ಟರು. ತುಳುವಿನಲ್ಲಿ ಕೇಳಿದ್ದು ಇಷ್ಟೇ: ಫೋಟೋ ತೆಗೆದುಕೊಂಡು ಹೋದವರು ಒಬ್ಬರೂ ತಿರುಗಿ ಬರಲಿಲ್ಲ, ನೀವಾದರೂ ಬರ್ತೀರಾ?

ಬರ್ತೇವೆ ಎಂದೆವು. ಹೋಗಲಿಲ್ಲ. ಪರೀಕ್ಷೆ ಬಂತು, ಮತ್ತೆ ಎಮ್ಮೆಸ್ಸಿ, ಮತ್ತೆ ವೀಸಾ.

2005ರ ಆಗಸ್ಟಿನಲ್ಲಿ ನಾನು ಇಲ್ಲಿಗೆ ಬಂದೆ. ಅದೇ ತಿಂಗಳ 29ಕ್ಕೆ ಕತ್ರಿನಾ ಚಂಡಮಾರುತ. ನ್ಯೂ ಆರ್ಲಿಯನ್ಸ್ ನಗರದ ಸುಮಾರು 80 ಶೇಕಡಾ ನೀರಿನಡಿ ಹೋಯಿತು. ಮಳೆಗಾಳಿಯಿಂದ ಮಾತ್ರ ಆದದ್ದಲ್ಲ, ಕಾಲುವೆಗಳ ತಡೆಗೋಡೆಗಳು ಒಡೆದದ್ದರಿಂದ ಆದದ್ದು. ಮರುವರ್ಷ ಮಾರ್ಚಿನಲ್ಲಿ ದೇಶದ ಎಲ್ಲ ಕಡೆಯಿಂದ ವಿದ್ಯಾರ್ಥಿಗಳು ಬೀಚಿಗೆ ಹೋಗುವ ಬದಲು ಅಲ್ಲಿಗೆ ಹೋದರು. ನಾನೂ ಹೋದೆ. ಮೂಗಿಗೆ ಮಾಸ್ಕು, ಮೈಗೆ ಬಿಳಿ ಕಾಗದದಂಥ ಸೂಟು, ಕೈಯಲ್ಲಿ ಸುತ್ತಿಗೆ ಮತ್ತು ಹಾರೆ. ಬೂಷ್ಟು ಹಿಡಿದ ಗೋಡೆಯ ಹಲಗೆಗಳನ್ನು ಕಿತ್ತು ಬೀದಿಗೆ ಹಾಕುವುದೇ ಕೆಲಸ. ಮನೆಗಳ ಮುಂದೆ ರಕ್ಷಣಾ ತಂಡದವರು ಬಣ್ಣದಲ್ಲಿ ಬರೆದ ಗುಣಿಸು ಚಿಹ್ನೆ ಹಾಗೇ ಇತ್ತು. ಹುಡುಕಿದ ದಿನಾಂಕ ಒಂದು ಮೂಲೆಯಲ್ಲಿ, ಒಳಗೆ ಸಿಕ್ಕ ಹೆಣಗಳ ಲೆಕ್ಕ ಇನ್ನೊಂದು ಮೂಲೆಯಲ್ಲಿ.

ಲೋಯರ್ ನೈಂತ್ ವಾರ್ಡ್ ಎಂಬ ಕಡೆ, ಹೆಚ್ಚಾಗಿ ಕರಿಯರ ಸ್ವಂತ ಮನೆಗಳಿದ್ದ ಜಾಗ, ಒಬ್ಬರು ಅಜ್ಜಿಯ ಮನೆ ನಮ್ಮ ಪಾಲಿಗೆ ಬಂತು. ಯಾವುದನ್ನೂ ತನಗೆ ತೋರಿಸದೆ ಎಸೆಯಬಾರದು ಎಂದು ಅಜ್ಜಿ ಮೆಟ್ಟಿಲ ಹತ್ತಿರ ಕುರ್ಚಿ ಹಾಕಿ ಕೂತಿದ್ದರು. ಅಡುಗೆಮನೆಯಲ್ಲಿ ತುಕ್ಕು ಹಿಡಿದು ಕೆಂಪಾದ ಒಂದು ಬೀಡು ಕಬ್ಬಿಣದ ಬಾಣಲೆ ಸಿಕ್ಕಿತು. ನಮ್ಮ ತಂಡದ ಹುಡುಗ ಅದನ್ನು ಕಸಕ್ಕೆ ಹಾಕಲು ಹೊರಟ. ನಾನು ತಡೆದೆ. ನಮ್ಮ ಅಜ್ಜಿಯ ಕಾವಲಿಯೂ ಒಂದು ಮಳೆಗಾಲ ಹೀಗೇ ಆಗಿತ್ತು. ಉಜ್ಜಿ, ಎಣ್ಣೆ ಹಚ್ಚಿ, ಅರ್ಧ ನೀರುಳ್ಳಿಯಲ್ಲಿ ತಿಕ್ಕಿ ತಿಕ್ಕಿ ಪಳಗಿಸಿದರೆ ಮತ್ತೆ ದೋಸೆ ಏಳುತ್ತದೆ. ಅದನ್ನು ಹೇಳಿದಾಗ ಆ ಅಜ್ಜಿಗೆ ಎಷ್ಟು ಖುಷಿಯಾಯಿತೆಂದರೆ, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ತನ್ನ ತಾಯಿಯ ಬಾಣಲೆ ಅದು, ಅದರಲ್ಲಿ ಜೋಳದ ರೊಟ್ಟಿ ಹೇಗೆ ಮಾಡುತ್ತಿದ್ದರು ಎಂದೆಲ್ಲ ಹೇಳಿದರು. ಅವತ್ತು ನಾನು ಕಿತ್ತ ಹಲಗೆ ಕಡಿಮೆ. ಆದರೆ ಆ ವಾರದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಈಗಲೂ ಅನಿಸುತ್ತದೆ.

ಸಂಜೆ ಚರ್ಚಿನ ಹಾಲಿನಲ್ಲಿ ಎಲ್ಲರೂ ವೃತ್ತವಾಗಿ ಕೂತು ಮಾತಾಡಬೇಕು. ರಿಫ್ಲೆಕ್ಷನ್ ಅನ್ನುತ್ತಾರೆ. ಅಲ್ಲಿ ಯಾರಾದರೂ, "ಏನೂ ಇಲ್ಲದಿದ್ದರೂ ಎಷ್ಟು ಸಂತೋಷವಾಗಿದ್ದಾರೆ" ಎಂದೇ ಅನ್ನುತ್ತಾರೆ. ನಿನಗೆ ಸಿಟ್ಟು ಬರುತ್ತದೆ, ಬರಲಿ. ಇಂಡಿಯಾದವಳು, ಬಡತನ ಬೇಕಾದಷ್ಟು ನೋಡಿರಬೇಕು ಎಂದು ನಿನ್ನ ಕಡೆ ತಿರುಗಿದರೆ, ಎಂಡೋಸಲ್ಫಾನಿನ ಕಥೆಯನ್ನೇ ಹೇಳು. ಬಡತನದ ಕಥೆಯಾಗಿ ಅಲ್ಲ, ಯಾರು ಯಾವ ಲೆಕ್ಕ ಹಾಕಿ ಆ ಮದ್ದು ಬಿಟ್ಟರು ಎಂಬ ಕಥೆಯಾಗಿ. ಸಾಮಾಜಿಕ ನ್ಯಾಯ ಎಂದು ಇವರು ಹೇಳುವುದರ ತಿರುಳು ಅದೇ. ನ್ಯೂ ಆರ್ಲಿಯನ್ಸಿನಲ್ಲೂ ಮತ್ತೆ ಏನಾಯಿತು ಗೊತ್ತುಂಟಾ? ಮನೆ ಕಟ್ಟಲು ಸರಕಾರ ಕೊಟ್ಟ ಹಣಕ್ಕೆ ಮಿತಿ ಹಾಕಿದ್ದು ಚಂಡಮಾರುತಕ್ಕೆ ಮೊದಲು ಮನೆಗೆ ಎಷ್ಟು ಬೆಲೆ ಇತ್ತು ಎಂಬುದರ ಮೇಲೆ. ಕರಿಯರ ಬೀದಿಯಲ್ಲಿ ಬೆಲೆ ಕಡಿಮೆ. ಅದೇ ಹಲಗೆ, ಅದೇ ಮೊಳೆ, ಅದೇ ಕೂಲಿ, ಆದರೆ ಕೈಗೆ ಬಂದದ್ದು ಕಡಿಮೆ. ಜನ ಕೋರ್ಟಿಗೆ ಹೋಗಬೇಕಾಯಿತು. ನಮ್ಮಲ್ಲಿಯೂ ಹಾಗೇ ಅಲ್ವಾ? ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ಹೇಳಿತು. 2022ರಲ್ಲಿ ಅದೇ ಕೋರ್ಟು ಮತ್ತೆ ಗದರಬೇಕಾಯಿತು.

ಈಗ ಇಮಾಕಲಿ. ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಮಕ್ಕಳ ಜೊತೆ ಮೂರು ಸಲ ಹೋಗಿದ್ದೇನೆ. ಬೆಳಗ್ಗೆ ಐದಕ್ಕೆ ಪೇಟೆಯ ಪಾರ್ಕಿಂಗ್ ಜಾಗದಲ್ಲಿ ಕೂಲಿಯವರು ಬಸ್ಸಿಗೆ ಕಾಯುತ್ತಾರೆ. ಮೆಕ್ಸಿಕೋ, ಗ್ವಾಟೆಮಾಲಾ, ಹೈಟಿಯವರು. ಒಂದು ಬಕೆಟ್ಟು ಟೊಮೆಟೊ 32 ಪೌಂಡು, ಎಂದರೆ ಹದಿನಾಲ್ಕೂವರೆ ಕೆಜಿ. 1990ರ ದಶಕದಲ್ಲಿ ಅದಕ್ಕೆ 40-45 ಸೆಂಟು ಕೂಲಿ. 1993ರಲ್ಲಿ ಅವರೇ ಸಂಘ ಕಟ್ಟಿಕೊಂಡರು. ಟೊಮೆಟೊ ಕೊಳ್ಳುವ ದೊಡ್ಡ ಕಂಪನಿಗಳು ಪೌಂಡಿಗೆ ಒಂದೇ ಒಂದು ಸೆಂಟು ಜಾಸ್ತಿ ಕೊಡಲಿ, ಅದು ನಮ್ಮ ಕೈಗೆ ಬರಲಿ ಎಂದು ಕೇಳಿದರು. ಲೆಕ್ಕ ಹಾಕು, ಬಕೆಟ್ಟಿಗೆ 32 ಸೆಂಟು. 2001ರಲ್ಲಿ ಟ್ಯಾಕೊ ಬೆಲ್ ಎಂಬ ದೊಡ್ಡ ಹೋಟೆಲ್ ಕಂಪನಿಯ ಬಹಿಷ್ಕಾರಕ್ಕೆ ಕರೆ ಕೊಟ್ಟಾಗ ಕಾಲೇಜುಗಳ ಹುಡುಗ ಹುಡುಗಿಯರು ಅದನ್ನು ತಮ್ಮ ಕ್ಯಾಂಪಸ್ಸಿಗೆ ಒಯ್ದರು. 2005ರ ಮಾರ್ಚಿನಲ್ಲಿ ಕಂಪನಿ ಒಪ್ಪಿತು. ಇಮಾಕಲಿಗೆ ಹೋಗಿ ನೋಡಿದ ವಿದ್ಯಾರ್ಥಿಗಳು ಹಿಂದೆ ಬಂದ ಮೇಲೆ ಕ್ಯಾಂಪಸ್ಸಿನಲ್ಲಿ ಮಾಡಿದ್ದೇ ದೊಡ್ಡ ಕೆಲಸ.

ಇನ್ನೊಂದು ಮಾತು ಹೇಳಬೇಕು, ನನ್ನ ಎದೆ ಝಲ್ ಅಂದದ್ದು ಇದಕ್ಕೇ. ಫ್ಲಾರಿಡಾದ ಟೊಮೆಟೊಗೂ ಬಿಡುತ್ತಿದ್ದದ್ದು ಎಂಡೋಸಲ್ಫಾನ್. ಹೊಲದ ಕೂಲಿಯವರಿಗೆ ಅಪಾಯ ಎಂದು ಇಲ್ಲಿಯ ಸರಕಾರ 2010ರಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸಲು ಹೊರಟಿತು, ಆದರೂ ಫ್ಲಾರಿಡಾದ ಟೊಮೆಟೊಗೆ 2014ರ ಕೊನೆಯವರೆಗೆ ಬಿಟ್ಟುಕೊಟ್ಟಿತು. ನಮ್ಮಲ್ಲಿ ಸುಪ್ರೀಂ ಕೋರ್ಟು ತಡೆದದ್ದು 2011ರ ಮೇಯಲ್ಲಿ. ನಿಮ್ಮ ಗುಡ್ಡೆಯ ಗೇರಿಗೆ ಬಿದ್ದ ಮದ್ದು ಅವರ ಕೈಗೂ ಹತ್ತಿದೆ. ಅಲ್ಲಿ ಸಂಘದ ಸಭೆಯಲ್ಲಿ ಸ್ಪ್ಯಾನಿಷ್ ಮಾತು ಹೈಟಿಯವರ ಕ್ರಿಯೋಲಿಗೆ, ಇಂಗ್ಲಿಷಿಗೆ ತಿರುಗುತ್ತಾ ಹೋಗುತ್ತದೆ. ಜೊತೆಯವರಿಗೆ ಅದು ಕಷ್ಟ. ಸಪ್ತಭಾಷೆಯ ಊರಿನವಳು ನೀನು, ನಿನಗೆ ಅದು ಮನೆಯ ಹಾಗೆ. ಮಲಯಾಳದ ಅರ್ಜಿ ಹಿಡಿದು ಪಂಚಾಯತಿನ ಕಿಟಿಕಿಯ ಮುಂದೆ ನಿಲ್ಲುವ ಕನ್ನಡದ ಅಜ್ಜನನ್ನು ನೋಡಿದವಳಿಗೆ, ಸ್ಪ್ಯಾನಿಷೂ ಬಾರದ, ಗ್ವಾಟೆಮಾಲಾದ ಮಾಯಾ ಜನರ ಭಾಷೆಯಾಡುವ ಕೂಲಿಯವನ ಪಾಡು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಧ್ಯ ಅಮೆರಿಕದ ಪ್ರವಾಸ ಬೇಡ ಎಂದದ್ದು ಯಾಕೆಂದರೆ, ನಾಲ್ಕು ದಿನದಲ್ಲಿ ಯಾವ ಮಗುವೂ ಇಂಗ್ಲಿಷ್ ಕಲಿಯುವುದಿಲ್ಲ. ಪ್ರತಿ ವಾರ ಹೊಸ ಟೀಚರು ಬಂದು ಮುದ್ದು ಮಾಡಿ ಹೋದರೆ ಆ ಮಗುವಿನ ಮನಸ್ಸು ಏನಾಗಬೇಕು? 1968ರಲ್ಲೇ ಇವಾನ್ ಇಲಿಚ್ ಎಂಬ ಚಿಂತಕರು ಇಂಥ ವಿದ್ಯಾರ್ಥಿಗಳ ಎದುರು ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡುತ್ತೇವೆಂದು ಬರಬೇಡಿ ಎಂದು ಹೇಳಿದ್ದರು. ನಾನು ಪೂರ್ತಿ ಅಷ್ಟು ದೂರ ಹೋಗುವುದಿಲ್ಲ. ಅಲ್ಲಿಯ ಜನ ಕರೆದಿದ್ದಾರಾ, ನೀವು ಹೋದ ಮೇಲೂ ಅಲ್ಲಿ ಆ ಕೆಲಸ ನಡೆಸುವವರು ಇದ್ದಾರಾ ಎಂದು ನಿಮ್ಮ ತಂಡದ ನಾಯಕರನ್ನು ಕೇಳು. ತಡವರಿಸಿದರೆ ಆ ಪ್ರವಾಸ ಬೇಡ.

ವೀಸಾದ ಬಗ್ಗೆ ಹೆದರಬೇಡ. ನಿನ್ನ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಲಾಭರಹಿತ ಸಂಸ್ಥೆಗೆ ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಲು ಹೋಗಬಾರದು, ಅದು ವೀಸಾಕ್ಕೇ ತಾಪತ್ರಯ. ಏನಕ್ಕೂ ನಿಮ್ಮ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಒಂದು ಇಮೇಲ್ ಹಾಕಿ ಲಿಖಿತ ಉತ್ತರ ಇಟ್ಟುಕೊ. ಪಾಸ್‌ಪೋರ್ಟು ಮತ್ತು ವಿಶ್ವವಿದ್ಯಾಲಯ ಕೊಟ್ಟ ಐ-20 ಎಂಬ ದಾಖಲೆ ಜೊತೆಗಿರಲಿ. ಖರ್ಚು ಕೆಲವು ನೂರು ಡಾಲರ್ ಬಂದೀತು. ವಿದ್ಯಾರ್ಥಿವೇತನ ಉಂಟಾ ಎಂದು ಕೇಳಲು ನಾಚಿಕೆ ಬೇಡ, ಹಲವು ಕಡೆ ಇರುತ್ತದೆ, ಕೇಳಿದವರಿಗೆ ಸಿಕ್ಕೀತು. ಸಸ್ಯಾಹಾರ ಎಂದು ಅರ್ಜಿಯಲ್ಲೇ ಬರೆ. ಒಂದು ಪೊಟ್ಟಣ ಉಪ್ಪಿನಕಾಯಿ ತೆಗೆದುಕೊಂಡು ಹೋಗು, ನೆಲದಲ್ಲಿ ಮಲಗಲು ದಪ್ಪ ಹೊದಿಕೆಯೂ ಬೇಕು. ಫೋಟೋ ತೆಗೆಯುವ ಮೊದಲು ಕೇಳು. ಬೇಡ ಎಂದರೆ ಫೋನು ಚೀಲದೊಳಗೆ ಹೋಗಲಿ.

ಎಣ್ಮಕಜೆಯ ಆ ಮನೆಗೆ ನಾನು ತಿರುಗಿ ಹೋದದ್ದು 2009ರ ಮಳೆಗಾಲದಲ್ಲಿ. ಹುಡುಗ ಇರಲಿಲ್ಲ. ಅಮ್ಮನಿಗೆ ನನ್ನ ಗುರುತು ಸಿಗಲಿಲ್ಲ, ಆದರೂ ಬೆಲ್ಲ, ನೀರು ತಂದಿಟ್ಟರು. ಅಲ್ಲಿಂದ ಮೇಲೆ ಊರಿಗೆ ಬಂದಾಗಲೆಲ್ಲ ಹೋಗುತ್ತೇನೆ. ಅವರ ಅರ್ಜಿ, ಆಸ್ಪತ್ರೆಯ ಕಾಗದಗಳನ್ನು ನೋಡಿ ಮಲಯಾಳದಲ್ಲಿ ಏನು ಬರೆದಿದೆ ಎಂದು ಓದಿ ಹೇಳುತ್ತೇನೆ. ಅವರ ಮನೆ ನಿಮ್ಮಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮುಂದಿನ ರಜೆಗೆ ನೀನು ಊರಿಗೆ ಹೋದರೆ ಇಬ್ಬರೂ ಒಟ್ಟಿಗೆ ಹೋಗುವ.

ಅರ್ಜಿಯ ಕೊನೆಯ ದಿನ ಶುಕ್ರವಾರ ಎಂದಿದ್ದಿ. ಗುರುವಾರ ರಾತ್ರಿ ಬರೆದು ನನಗೆ ಕಳಿಸು, ನೋಡಿ ಕೊಡ್ತೇನೆ. ಅಪ್ಪನ ನಂಬ್ರ ಕೊಡು, ಶನಿವಾರ ನಾನೇ ಫೋನ್ ಮಾಡ್ತೇನೆ.

ನಿನ್ನ ಅಕ್ಕ