4096ರ ಗಡಿಯಲ್ಲಿ ಒಡೆಯುವ ‘ಕ’

ಪ್ರಶ್ನೆ: ನಮ್ಮ ಸಂಘದ ಹಳೆಯ ಪಠ್ಯಕಡತಗಳನ್ನು ವಿಂಗಡಿಸಲು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಒಂದು ಸಲಕ್ಕೆ 4096 ಬೈಟ್‌ಗಳಂತೆ ಓದಿ, ಕಡತ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಹೌದೋ ಅಲ್ಲವೋ ಎಂದು ಅದು ತಿಳಿಸಬೇಕು. ಚಿಕ್ಕ ಕಡತಗಳಲ್ಲಿ ತಪ್ಪುವುದೇ ಇಲ್ಲ. ದೊಡ್ಡವುಗಳಲ್ಲಿ ಕೆಲವನ್ನು ‘ಅಲ್ಲ’ ಎನ್ನುತ್ತದೆ. ಮೊದಲಿಗೆ ಒಂದು ಸ್ಪೇಸ್ ಸೇರಿಸಿದರೆ ಅದೇ ಕಡತ ‘ಹೌದು’ ಆಗುತ್ತದೆ! ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳನ್ನಂತೂ ಲ್ಯಾಟಿನ್ ಎನ್ನುತ್ತದೆ. ಇದನ್ನು ಪರೀಕ್ಷಿಸುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಆ ಸ್ಪೇಸ್ ವಿಷಯ ಬರೆದು ನನ್ನ ಅರ್ಧ ಕೆಲಸ ಮುಗಿಸಿದ್ದೀರಿ. ಯುಟಿಎಫ್-8ರಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಬೈಟ್. ಹಲಂತಕ್ಕೂ ಮೂರು ಬೇಕು, ಹಾಗಾಗಿ ಕ, ಹಲಂತ, ಷ ಸೇರಿದ ‘ಕ್ಷ’ಕ್ಕೆ ಒಂಬತ್ತು. ಬರೀ ‘ಕ’ ತುಂಬಿದ ಕಡತದಲ್ಲಿ 1365 ಅಕ್ಷರಗಳಿಗೆ 4095 ಬೈಟ್ ಆಗುತ್ತದೆ. ಬಫರಿನ (ಒಂದು ಸಲಕ್ಕೆ ಓದಿದ 4096 ಬೈಟ್‌ಗಳನ್ನು ಇಡುವ ಜಾಗದ) ಕೊನೆಯಲ್ಲಿ ಮುಂದಿನ ‘ಕ’ದ 224 ಒಂಟಿಯಾಗಿ ಉಳಿಯುತ್ತದೆ. ಅದರ ಜೊತೆಯ ಎರಡು ಮುಂದಿನ ಓದಿಗೆ ಬರುವ ಮೊದಲೇ ನಿಮ್ಮ ಪ್ರೋಗ್ರಾಂ ತೀರ್ಪು ಕೊಟ್ಟು ಎದ್ದುಬಿಡುತ್ತಿದೆ.

ಎರಡು ಸಾವಿರ ‘ಕ’ಗಳ ಕಡತ ಮಾಡಿ. ಅದನ್ನು ಹಾಗೆಯೇ ಒಮ್ಮೆ, ಮುಂದೆ ಒಂದು ಸ್ಪೇಸ್ ಇಟ್ಟು ಒಮ್ಮೆ, ಎರಡಿಟ್ಟು ಒಮ್ಮೆ ಓದಿಸಿ. ಒಂದಿಟ್ಟಾಗ ಗಡಿ ಅಕ್ಷರದ ತುದಿಗೇ ಬಿದ್ದು ದೋಷ ಮರೆಯಾಗುತ್ತದೆ, ಉಳಿದೆರಡರಲ್ಲಿ ಸಿಕ್ಕಿಬೀಳುತ್ತದೆ. ಇನ್ನೂ ಕಠಿಣ ಪರೀಕ್ಷೆ ಬೇಕೆಂದರೆ ಬಫರಿನ ಅಳತೆಯನ್ನು ಹೊರಗಿನಿಂದ ಕೊಡುವಂತೆ ಮಾಡಿ, ಒಂದು ಬೈಟಿಗೆ ಇಳಿಸಿ. ಆಗ ಪ್ರತಿ ಅಕ್ಷರವೂ ಒಡೆಯುತ್ತದೆ, ಉತ್ತರ ಮಾತ್ರ ಬದಲಾಗಕೂಡದು. ಅರ್ಧಕ್ಕೆ ನಿಂತ ಅಕ್ಷರದ ಲೆಕ್ಕವನ್ನು ಮುಂದಿನ ಓದಿಗೆ ದಾಟಿಸುವುದೇ ಇದಕ್ಕೆ ಪರಿಹಾರ. ಆದರೆ ಕಡತವೇ 224ರಲ್ಲಿ ಮುಗಿದರೆ ‘ಅಲ್ಲ’ ಎನ್ನಲೇಬೇಕು. ಇದನ್ನೂ ಪರೀಕ್ಷೆಗೆ ಸೇರಿಸಿ. ಉತ್ಸಾಹದಲ್ಲಿ ಎಲ್ಲವನ್ನೂ ಕ್ಷಮಿಸಿಬಿಡುವ ಪ್ರೋಗ್ರಾಂಗಳೂ ಇರುತ್ತವೆ.

ಪರೀಕ್ಷೆಯ ಬೈಟ್‌ಗಳನ್ನು ಅನ್‌ಸೈನ್ಡ್ ಕ್ಯಾರ್ (ಋಣ ಸಂಖ್ಯೆಗಳಿಲ್ಲದ ಬೈಟ್) ಸರಣಿಯಲ್ಲಿ ಸಂಖ್ಯೆಗಳಾಗಿಯೇ ಬರೆಯಿರಿ. ಬರೀ ಕ್ಯಾರ್ ಎಂದರೆ ಸಾಮಾನ್ಯ ಪಿಸಿಯಲ್ಲಿ 224 ಹೋಗಿ -32 ಆಗುತ್ತದೆ, ‘127ಕ್ಕಿಂತ ಹೆಚ್ಚೇ?’ ಎಂಬ ಪ್ರಶ್ನೆಗೆ ಎಂದೂ ಹೌದೆನ್ನುವುದಿಲ್ಲ.

ನುಡಿ ಕಡತಗಳ ವಿಷಯದಲ್ಲಿ ಪ್ರೋಗ್ರಾಂ ಅನ್ನು ಬೈಯಬೇಡಿ. ಆ ಹಳೆಯ ಫಾಂಟ್‌ಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಡತದೊಳಗೆ ಇರುವ ಬೈಟ್‌ಗಳು ಲ್ಯಾಟಿನ್‌ನವೇ. ಅವನ್ನು ಗುರುತಿಸಲು ಯಾವ ಬೈಟ್ ಎಷ್ಟು ಸಲ ಬಂದಿದೆ ಎಂದು ಎಣಿಸಿ ಊಹಿಸಬೇಕು. ಅದನ್ನು ಬೇರೆಯೇ ಫಂಕ್ಷನ್ ಆಗಿ ಬರೆದು, ‘ಯುಟಿಎಫ್-8 ಅಲ್ಲ’ ಎಂದು ಖಚಿತವಾದ ಮೇಲಷ್ಟೇ ಕರೆಯಿರಿ.