ಗೌರಿಯ ಸರಾಸರಿ ಯಾಕೆ ಹೆಚ್ಚು ತೋರಿಸ್ತಿದೆ?

ಅಣ್ಣ, ಹಾಲಿನ ಲೆಕ್ಕ ಎಸ್‌ಕ್ಯೂಲೈಟ್‌ ಅನ್ನೋ ಡೇಟಾಬೇಸ್‌ಗೆ ಹಾಕಿದ ಮೇಲೆ ನಿಮ್ಮ ಹಸು ಗೌರಿಯ ಸರಾಸರಿ ಹೆಚ್ಚು ಬರ್ತಿದೆ, ಫ್ಯಾಟೂ (ಹಾಲಿನ ಕೊಬ್ಬಿನಂಶ) ಡೇರಿಯ ಬಟವಾಡೆ ಲೆಕ್ಕಕ್ಕೆ ತಾಳೆಯಾಗ್ತಿಲ್ಲ ಅಂತ ಕೇಳಿದ್ದೀರಿ. ಪಾಂಡವಪುರದ ನಮ್ಮ ಕೊಟ್ಟಿಗೆಯ ಲೆಕ್ಕವನ್ನೂ ನಾನು ಹೀಗೇ ಇಡೋದು.

ಸರಾಸರಿ ತೆಗೆಯೋ ಎವಿಜಿ ಖಾಲಿ ಸಾಲನ್ನು, ಅಂದರೆ ನಲ್ ಇರೋದನ್ನು, ಲೆಕ್ಕಕ್ಕೇ ತಗೊಳ್ಳಲ್ಲ. ನಾಲ್ಕು ದಿನಕ್ಕೆ 10, 12, ಖಾಲಿ, 8 ಅಂತಿದ್ದರೆ 30ನ್ನು 3ರಿಂದ ಭಾಗಿಸಿ 10 ಅನ್ನುತ್ತೆ. ಖಾಲಿ ಜಾಗದಲ್ಲಿ 0 ಇದ್ದಿದ್ದರೆ 7.5. ಯಾವುದು ಸರಿ ಅಂತ ಕಂಪ್ಯೂಟರ್‌ಗೆ ಗೊತ್ತಾಗಲ್ಲ, ಹಾಲು ಕರೆದವರಿಗೇ ಗೊತ್ತು. ಮದುವೆಗೆ ಹೋಗಿ ಅಳೆಯೋದು ತಪ್ಪಿದ್ದರೆ ಖಾಲಿ ಬಿಡಿ. ಹಸು ಒದ್ದು ಹಾಲೇ ಕೊಡದಿದ್ದರೆ 0 ಬರೀರಿ. ಖಾಲಿ ಜಾಗಕ್ಕೆ ಬೇರೆ ಅಂಕಿ ತುಂಬೋ ಕೋಯಲೆಸ್ ಹಾಕಿ ಎಲ್ಲ ಖಾಲಿಯನ್ನೂ 0 ಮಾಡೋದು ಬೇಡ, ಎರಡೂ ಬೆರೆತುಹೋಗುತ್ತೆ. ಕೌಂಟ್(*) ಎಲ್ಲ ಸಾಲನ್ನೂ ಎಣಿಸುತ್ತೆ, ಕೌಂಟ್(ಲೀಟರ್) ತುಂಬಿದ್ದನ್ನು ಮಾತ್ರ. ಎರಡರ ವ್ಯತ್ಯಾಸವೇ ನೀವು ಬಿಟ್ಟ ಹೊತ್ತುಗಳ ಲೆಕ್ಕ.

ಇನ್ನು ಫ್ಯಾಟು. ಬೆಳಿಗ್ಗೆ 8 ಲೀಟರ್‌ಗೆ 3.6, ಸಂಜೆ 4 ಲೀಟರ್‌ಗೆ 4.5 ಬಂತು ಅನ್ನಿ. ಎವಿಜಿ 4.05 ಕೊಡುತ್ತೆ. ಆದರೆ ಬೆಳಗಿನ ಹಾಲು ಎರಡರಷ್ಟಿದೆಯಲ್ಲ! ಒಟ್ಟು ಕೂಡೋ ಸಮ್ ಬಳಸಿ ಸಮ್(ಲೀಟರ್ * ಫ್ಯಾಟ್) / ಸಮ್(ಲೀಟರ್) ಮಾಡಿ, 3.9 ಬರುತ್ತೆ, ಅದೇ ನಿಜ. ಫ್ಯಾಟ್ ಖಾಲಿ ಇರೋ ಸಾಲನ್ನು ವೇರ್ ಅನ್ನೋ ಷರತ್ತು ಹಾಕಿ ಮೊದಲೇ ತೆಗೆದುಬಿಡಿ, ಇಲ್ಲದಿದ್ದರೆ ಆ ಲೀಟರ್ ಕೆಳಗೆ ಮಾತ್ರ ಸೇರಿ ಉತ್ತರ ಇಳಿಯುತ್ತೆ.

ಹಸುವಾರು ಗುಂಪು ಮಾಡೋ ಗ್ರೂಪ್ ಬೈ ಹೆಸರಿನ ಮೇಲೆ ಬೇಡ. ಎರಡು ಲಕ್ಷ್ಮಿ ಇದ್ದರೆ ಒಂದೇ ಹಸು ಆಗಿಬಿಡ್ತವೆ. ಕಿವಿಯೋಲೆಯ 12 ಅಂಕಿ ನಂಬರ್ ಹಾಕಿ. ತಿಂಗಳಿಗೆ 200 ಲೀಟರ್‌ಗಿಂತ ಕಮ್ಮಿ ಕೊಟ್ಟ ಹಸು ಮಾತ್ರ ಬೇಕಿದ್ದರೆ ಆ ಷರತ್ತು ಹ್ಯಾವಿಂಗ್‌ನಲ್ಲಿ ಬರಬೇಕು. ವೇರ್ ಕೂಡೋದಕ್ಕೆ ಮುಂಚೆ ಜರಡಿ ಹಿಡಿಯುತ್ತೆ, ಹ್ಯಾವಿಂಗ್ ಕೂಡಿದ ಮೇಲೆ.

ಹಿಂಡಿ ಖರ್ಚಿನ ಟೇಬಲ್ ಜೋಡಿಸುವಾಗ ಹುಷಾರು. ಒಂದು ಹಸುವಿಗೆ ಹಿಂಡಿಯ 4 ಸಾಲಿದ್ದು ನಂಬರ್ ಮೇಲೆ ಜಾಯಿನ್ ಮಾಡಿದರೆ ಹಾಲಿನ ಪ್ರತಿ ಸಾಲೂ 4 ಸಲ ಬಂದು ಸಮ್ 4 ಪಟ್ಟಾಗುತ್ತೆ. ಹೋದ ವರ್ಷ ನಮ್ಮಲ್ಲಿ ಹೀಗಾಗಿ ಹಾಲು ಕಮ್ಮಿ ಮಾಡಿದ್ದ ಹಸುವನ್ನು ಎರಡು ತಿಂಗಳು ಗಮನಿಸಲಿಲ್ಲ, ಆ ನೋವು ಇನ್ನೂ ಇದೆ. ಹಾಲನ್ನೂ ಹಿಂಡಿಯನ್ನೂ ಬೇರೆ ಬೇರೆ ಕೂಡಿ, ಆಮೇಲೆ ಜೋಡಿಸಿ.

ಮೊದಲು ಗೌರಿಯ ಆ ಎರಡು ಕೌಂಟ್ ತೆಗೆದು ಇಲ್ಲಿ ಹಾಕಿ ಅಣ್ಣ, ನೋಡೋಣ.