ಗಂಗೋತ್ರಿ ದಾರಿ ಮುಚ್ಚಿದರೆ ಟೂರ್ ದುಡ್ಡು ವಾಪಸ್ ಸಿಗುತ್ತಾ?

ಪ್ರಶ್ನೆ: ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ 2025ರ ಆಗಸ್ಟ್ 8ಕ್ಕೆ ಚಾರ್‌ಧಾಮ್ ಪ್ಯಾಕೇಜ್‌ನಲ್ಲಿ ಹೊರಡಬೇಕಿತ್ತು. 1.60 ಲಕ್ಷ ರೂಪಾಯಿ ಪೂರ್ತಿ ಕಟ್ಟಿದ್ದೆವು. ಆಗಸ್ಟ್ 5ರಂದು ಧರಾಲಿಯಲ್ಲಿ ಪ್ರವಾಹ ಬಂದು ಗಂಗೋತ್ರಿ ದಾರಿ ಮುಚ್ಚಿತು. ‘ಉಳಿದ ಮೂರು ಧಾಮ ತೋರಿಸುತ್ತೇವೆ, ಬರದಿದ್ದರೆ ದುಡ್ಡು ವಾಪಸ್ ಇಲ್ಲ’ ಎಂದರು ಟೂರ್‌ನವರು. ಅಪ್ಪನಿಗೆ 72 ವರ್ಷ. ಧೈರ್ಯ ಸಾಲದೆ ಹೋಗಲಿಲ್ಲ. ಏನೂ ಸಿಗುವುದಿಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಸುಮ್ನೆ ಬಿಟ್ಟುಬಿಡಬೇಡಿ. ಪೂರ್ತಿ ಹಣ ಬಂದೇ ಬರುತ್ತದೆ ಎಂದು ಭರವಸೆ ಕೊಡಲಾರೆ. ಆದರೆ ‘ಒಂದು ಪೈಸೆಯೂ ಇಲ್ಲ’ ಅನ್ನುವುದು ನ್ಯಾಯವಲ್ಲ.

ಯುರೋಪಿನಲ್ಲಿ ಇದು ಸಲೀಸು. ಹೋಗುವ ಜಾಗದಲ್ಲಿ ಇಂಥ ವಿಪತ್ತು ಬಂದು ಪ್ರವಾಸಕ್ಕೆ ದೊಡ್ಡ ಅಡ್ಡಿಯಾದರೆ ಗ್ರಾಹಕರೇ ರದ್ದು ಮಾಡಬಹುದು. 14 ದಿನದೊಳಗೆ ಪೂರ್ತಿ ಹಣ ಬರಬೇಕು ಎಂದು ಅಲ್ಲಿನ 2015ರ ನಿಯಮ ಹೇಳುತ್ತದೆ. ನಮ್ಮಲ್ಲಿ ಪ್ಯಾಕೇಜ್ ಟೂರಿಗೆಂದೇ ಅಂಥ ಕಾಯ್ದೆ ಇಲ್ಲ. ನಮಗಿರುವುದು 1872ರ ಕರಾರು ಕಾಯ್ದೆ. ಒಪ್ಪಿಕೊಂಡ ಕೆಲಸ ಮಾಡಲು ಸಾಧ್ಯವೇ ಇಲ್ಲ ಎಂದಾದರೆ ಕರಾರು ಬಿದ್ದುಹೋಗುತ್ತದೆ ಎನ್ನುತ್ತದೆ 56ನೇ ಸೆಕ್ಷನ್. ಹಾಗೆ ಬಿದ್ದ ಕರಾರಿನಲ್ಲಿ ಪಡೆದದ್ದನ್ನು ಹಿಂತಿರುಗಿಸಬೇಕು ಎನ್ನುತ್ತದೆ 65ನೇ ಸೆಕ್ಷನ್.

ಇಲ್ಲಿ ಅವರು ಹಿಡಿಯುವ ವಾದ ಗೊತ್ತೇ ಇದೆ: ‘ನಾಲ್ಕರಲ್ಲಿ ಮೂರು ತೋರಿಸಲು ರೆಡಿ ಇದ್ದೆವು, ಬರದೇ ಇದ್ದವರು ಇವರೇ.’ ಅದಕ್ಕೇ ನಿಮ್ಮ ವಾಟ್ಸ್‌ಆ್ಯಪ್ ತೆರೆದು ನೋಡಿ. ನೀವು ಬರೆದದ್ದು ‘ನಾವು ಬರಲ್ಲ’ ಅಂತಲೋ, ‘ಗಂಗೋತ್ರಿ ಇಲ್ಲದ ಪ್ಯಾಕೇಜ್ ನಮಗೆ ಬೇಡ’ ಅಂತಲೋ? ಎರಡಕ್ಕೂ ತುಂಬಾ ವ್ಯತ್ಯಾಸವಿದೆ. ನೀವು ದುಡ್ಡು ಕಟ್ಟಿದ್ದು ನಾಲ್ಕು ಧಾಮಕ್ಕೆ. ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಮೂರಕ್ಕೆ ಇಳಿಸಿದವರು ಅವರು. ಬರೀ ಫೋನಿನಲ್ಲಿ ಮಾತಾಡಿದ್ದರೆ, ಆಗ ನಡೆದದ್ದನ್ನು ಇದ್ದ ಹಾಗೆ ಈಗ ಇಮೇಲ್‌ನಲ್ಲಿ ಬರೆದು ಕಳಿಸಿ.

ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಪ್ರಕೃತಿ ವಿಕೋಪಕ್ಕೆ ನಾವು ಹೊಣೆಯಲ್ಲ’ ಎಂದು ಇದ್ದೇ ಇರುತ್ತದೆ, ಅಲ್ವಾ? ಪ್ರವಾಹಕ್ಕೆ ಅವರು ಹೊಣೆಯಲ್ಲ, ಸರಿ. ಹಾಗಾಗಿ ಮೇಲಿಂದ ಪರಿಹಾರ ಕೇಳಿದರೆ ಸಿಗುವುದು ಕಷ್ಟ. ಆದರೆ ತಂಗದ ಹೋಟೆಲು, ಹತ್ತದ ಬಸ್ಸಿನ ದುಡ್ಡು ಇಟ್ಟುಕೊಳ್ಳಲು ಆ ಒಂದು ಸಾಲು ಸಾಲದು. ಹೋಟೆಲಿಗೆ ಕಟ್ಟಿದ ಮುಂಗಡ ಮುಳುಗಿತು ಅಂದರೆ ಬಿಲ್ ತೋರಿಸಲಿ. ದುಡ್ಡಿನ ಬದಲು ಕ್ರೆಡಿಟ್ ನೋಟ್ (ಅವರದೇ ಮುಂದಿನ ಟೂರಿಗೆ ಬಳಸುವ ಚೀಟಿ) ಕೊಡಲು ಬಂದರೆ, ಬೇಡ ಅನಿಸಿದರೆ ತೆಗೆದುಕೊಳ್ಳಬೇಡಿ. ವಿಮಾನದ ಟಿಕೆಟ್ ಬೇರೆ ಲೆಕ್ಕ: ವಿಮಾನ ಹಾರಿದ್ದರೆ ಆ ಟಿಕೆಟ್‌ನ ರದ್ದತಿ ನಿಯಮವೇ ನಡೆಯುತ್ತದೆ.

ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಎಷ್ಟೋ ಸಲ ಅಲ್ಲೇ ರಾಜಿ ಆಗುತ್ತದೆ. ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಟೂರ್‌ನವರ ಆಫೀಸು ಯಾವ ಊರಲ್ಲೇ ಇರಲಿ, 2019ರ ಕಾಯ್ದೆ ಪ್ರಕಾರ ನೀವು ಶಿವಮೊಗ್ಗದಲ್ಲೇ ದೂರು ಹಾಕಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಎಂದೂ ಇಲ್ಲ. ಗಡುವು ಎರಡು ವರ್ಷ. ನಿಮ್ಮ ಲೆಕ್ಕದಲ್ಲಿ 2027ರ ಆಗಸ್ಟ್ ಶುರುವಾಗುವ ಮೊದಲೇ ದೂರು ದಾಖಲಾಗಿರಲಿ.